ಎರಡು ಪೆಟ್ಟಿಗೆ ತಿರುಗುವ ಮಗಳು

ನನ್ನ ಮಗಳಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಆ ವರ್ಷ ಸಿಕ್ಕಸಿಕ್ಕವರು ಒಂದೊಂದು ಉತ್ತರ ಕೊಟ್ಟರು. ಎಲ್ಲ ಉತ್ತರಗಳೂ ಆಯಾ ಹೊತ್ತಿಗೆ ನನಗೆ ಖರೆ ಅನ್ನಿಸಿದವು. ಈಗ ಕೂತು ಬರೆಯುವಾಗ ಇದೆಲ್ಲ ಎಷ್ಟು ಸರಳ ಎನ್ನಿಸುತ್ತದೆ. ಆಗ ಮಾತ್ರ ನಾನು ತಲೆಕೆಟ್ಟವಳ ಹಾಗೆ ಅಡ್ಡಾಡಿದ್ದೇನೆ, ಎದುರಿಗೆ ಬಂದವರ ಜೊತೆ ಜಗಳವಾಡಿದ್ದೇನೆ.

ನನ್ನ ತವರು ನರಗುಂದ. ನಾವು ನೇಕಾರರೇ, ಆದರೆ ಅಜ್ಜನ ಕಾಲಕ್ಕೇ ನಮ್ಮ ಮನೆಯಿಂದ ಮಗ್ಗ ಎದ್ದುಹೋಗಿತ್ತು. ಅಪ್ಪ ಶಾಲೆಯಲ್ಲಿ ಮಾಸ್ತರರಾಗಿದ್ದರು. ಹಾಗಾಗಿ ನನಗೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದು ಸಿಕ್ಕಿತು. ‘ಓದಿದ ಹುಡುಗಿ’ ಎಂಬ ಹೆಸರು ಹೊತ್ತುಕೊಂಡು ಗಜೇಂದ್ರಗಡದ ನೇಕಾರ ಓಣಿಗೆ ಸೊಸೆಯಾಗಿ ಬಂದಾಗ ಲಾಳಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂಬುದೂ ನನಗೆ ಗೊತ್ತಿರಲಿಲ್ಲ. ಅತ್ತೆ ಸ್ವಲ್ಪ ದಿನ ಸುಮ್ಮನೆ ನೋಡಿದರು.

“ಓದಿದ್ದು ಓದಿದಿ. ಇನ್ನ ಕುಣ್ಯಾಗ ಇಳಿ” ಎಂದರು ಒಂದು ಮುಂಜಾನೆ. ಇಳಿದೆ.

ನಮ್ಮವು ಕುಣಿಮಗ್ಗಗಳು. ಪಡಸಾಲೆಯ ಮಣ್ಣಿನ ನೆಲದಲ್ಲಿ ಕುಣಿ ತೋಡಿರುತ್ತಾರೆ. ಅದರೊಳಗೆ ಕಾಲು ಇಳಿಬಿಟ್ಟು, ಅದರ ಅಂಚಿಗೆ ಕೂತು ನೇಯಬೇಕು. ಮಗ್ಗದ ಗೂಟಗಳು ಅದೇ ನೆಲದಲ್ಲಿ ಹುಗಿದಿರುತ್ತವೆ. ನಮ್ಮ ಪಡಸಾಲೆಯಲ್ಲಿ ಎರಡು ಮಗ್ಗ. ಒಂದರಲ್ಲಿ ನಮ್ಮ ಮನೆಯವರು, ಇನ್ನೊಂದರಲ್ಲಿ ನಾನು. ಗೋಡೆಗೆ ಬೆನ್ನು ಕೊಟ್ಟು, ಲಾಳಿಗೆ ಹಾಕುವ ನೂಲನ್ನು ಕಂಡಿಕೆಗೆ ಸುತ್ತುವವರು ಅತ್ತೆ. ಎರಡೂ ಮಗ್ಗ ನಡೆದಿರುವಾಗ ಒಬ್ಬರನ್ನೊಬ್ಬರು ಕರೆಯಬೇಕೆಂದರೆ ಗಂಟಲು ಹರಿಯಬೇಕು. ಕುಣಿಯಲ್ಲಿ ಕೂತವರು ಮಾತುಮಾತಿಗೆ ಎದ್ದು ಬರುವುದೂ ಆಗುವುದಿಲ್ಲ.

ಅದಕ್ಕೆ ನಮ್ಮ ಮನೆಯಲ್ಲಿ ಕರೆಯುವ ರೀತಿಯೇ ಬೇರೆ ಇತ್ತು. ನೂಲನ್ನು ಬಡಿದು ಕೂಡಿಸುವ ಒಂದು ಭಾರದ ಹಲಗೆ ಮಗ್ಗಕ್ಕೆ ಇರುತ್ತದಲ್ಲ, ನೇಯುವುದು ನಿಲ್ಲಿಸಿ ಅದನ್ನು ಬರಿದೆ ಬಡಿಯುವುದು. ಮನೆಯವರಿಗೆ ಒಂದು ಪೆಟ್ಟು, ಅತ್ತೆಗೆ ಮೂರು. ಮಗಳು ತೆವಳಲು ಶುರು ಮಾಡಿದ ಮೇಲೆ ಅವಳ ಪಾಲಿಗೆ ಎರಡು ಪೆಟ್ಟು ಬಂತು. ನಾನು ಬಂದ ಹೊಸದರಲ್ಲಿ ಇದನ್ನು ನೋಡಿ ನಕ್ಕಿದ್ದೆ. ವರ್ಷ ತುಂಬುವುದರೊಳಗೆ ನಾನೂ ಬಾಯಿ ಬಿಟ್ಟು ಯಾರನ್ನೂ ಕರೆಯುವುದನ್ನು ಮರೆತಿದ್ದೆ.

ಮಗಳು ಬೆಳೆದದ್ದೇ ಆ ಎರಡು ಕುಣಿಗಳ ನಡುವೆ. ಒಂದು ತಟ್ಟಿನ ತುಂಡು ಹಾಸಿ, ಮಗ್ಗದ ಗೂಟಕ್ಕೆ ಬೆನ್ನು ಆನಿಸಿ ಕೂರಿಸಿದರೆ ಖಾಲಿ ಕಂಡಿಕೆಗಳನ್ನು ಜೋಡಿಸುತ್ತ, ಕೆಡವುತ್ತ ಆಡಿಕೊಂಡಿರುವಳು. ನಾನು ನೇಯುವುದು ನಿಲ್ಲಿಸಿ ಎರಡು ಪೆಟ್ಟು ಹೊಡೆದೆನೆಂದರೆ ಸಾಕು, ಗಕ್ಕನೆ ತಿರುಗಿ, ಇದ್ದ ನಾಲ್ಕು ಹಲ್ಲು ತೋರಿಸಿ ನಗುತ್ತ ಬರುವಳು. ಅದನ್ನು ನೋಡಲೆಂದೇ ಕೆಲಸವಿಲ್ಲದಿದ್ದರೂ ಎಷ್ಟೋ ಸಲ ಹಲಗೆ ಬಡಿದಿದ್ದೇನೆ.

ಇದು ನಮ್ಮ ಕಡೆ ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಹೊಸದರ ಮಾತು. ಅಲ್ಲಿಯವರೆಗೆ ನಮ್ಮ ಓಣಿಯ ಕೂಸುಗಳಿಗೆ ಸೂಲಗಿತ್ತಿ, ಅಜ್ಜಿಯರು, ಬಜೆಬೇರು ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಆಮೇಲೆ ನೋಡಿ, ಸುಗ್ಗಿ ಬಂದ ಹಾಗೆ ಒಮ್ಮೆಲೇ ಎಲ್ಲವೂ ಬಂದವು. ಸಿಡುಬು ಬಾರದಂತೆ ಕೂಸುಗಳ ತೋಳಿಗೆ ದೇವಿ ಹಾಕುವವನು ಬಂದ. ಬಸುರಿ ಬಾಣಂತಿಯರನ್ನು ನೋಡಲು ನರ್ಸಬಾಯಿ ಬಂದಳು. ಡಬ್ಬಿಗಳಲ್ಲಿ ಹಾಲಿನ ಪುಡಿ ಬಂತು. ಹಳೆಯ ಚಾವಡಿಯಲ್ಲಿ ಬಾಲವಾಡಿ ತೆರೆಯಿತು. ಯಾವುದು ಯಾವ ಆಫೀಸಿನಿಂದ ಬಂದದ್ದು, ಯಾವುದಕ್ಕೆ ಯಾರನ್ನು ಕೇಳಬೇಕು ಎಂಬುದು ನಮಗಿರಲಿ, ಬಂದವರಿಗೂ ಸರಿಯಾಗಿ ಗೊತ್ತಿರಲಿಲ್ಲ. ದೇವಿ ಹಾಕುವವನ ಹತ್ತಿರ ಹಾಲು ಕೇಳಿದವರಿದ್ದಾರೆ. ನರ್ಸಬಾಯಿಯ ಕೈಯಲ್ಲಿ ಪಾಟಿ ಕೊಟ್ಟು ನಮ್ಮ ಕೂಸಿಗೆ ಅಕ್ಷರ ಬರೆದುಕೊಡಿ ಎಂದವರೂ ಇದ್ದಾರೆ.

ಹಾಲಿನ ಪುಡಿಯ ಕಥೆಯನ್ನಂತೂ ಹೇಳಲೇಬೇಕು. ನೂಲು ಗಟ್ಟಿಯಾಗಲೆಂದು ನಾವು ಅದಕ್ಕೆ ಗಂಜಿ ಕುಡಿಸುತ್ತೇವೆ. ಸರ್ಕಾರದ ಪುಡಿ ಬೆಳ್ಳಗಿತ್ತು, ನೀರಲ್ಲಿ ಕಲಸಿದರೆ ಬೆರಳಿಗೆ ಅಂಟುತ್ತಿತ್ತು. ಎದುರು ಮನೆಯಾಕೆ ಒಂದು ಕ್ಷಣವೂ ಅನುಮಾನಪಡಲಿಲ್ಲ. ನೇಕಾರ ಓಣಿಗೆ ಸರ್ಕಾರ ಬೇರೇನು ಕಳಿಸುತ್ತದೆ? ಉದ್ದಕ್ಕೆ ಎಳೆದು ಕಟ್ಟಿದ ನೂಲಿಗೆಲ್ಲ ಬಳಿದುಬಿಟ್ಟಳು. ಮರುದಿನ ಬೆಳಿಗ್ಗೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೂಲಿನ ಮೇಲೆ ಕೆಂಪಿರುವೆಗಳ ಜಾತ್ರೆ ನೆರೆದಿತ್ತು. ಬಾಲವಾಡಿಯ ಅಕ್ಕೋರು ಬಂದು ನೋಡಿದವಳು ನಗಬೇಕೋ ಅಳಬೇಕೋ ತಿಳಿಯದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಆ ಹುಡುಗಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆವತ್ತೇ.

ಅವಳನ್ನು ಓಣಿಯವರೆಲ್ಲ ಅಕ್ಕೋರು ಎಂದೇ ಕರೆಯುತ್ತಿದ್ದರು. ಧಾರವಾಡದ ಕಡೆಯವಳು, ನನಗಿಂತ ಚಿಕ್ಕವಳು, ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದಳು. ಮನೆಮನೆಗೆ ತಿರುಗಿ, ತಾಯಂದಿರ ಕೈಕಾಲು ಹಿಡಿದು ಕೂಸುಗಳನ್ನು ಕೂಡಿಸುತ್ತಿದ್ದಳು. ನನ್ನ ಹತ್ತಿರ ಕೈಕಾಲು ಹಿಡಿಯುವ ಪ್ರಸಂಗ ಬರಲಿಲ್ಲ. ಮಧ್ಯಾಹ್ನದವರೆಗೆ ಮಗಳನ್ನು ಬೇರೆಯವರು ನೋಡಿಕೊಳ್ಳುತ್ತಾರೆಂದರೆ ನಾನು ಅಡ್ಡಿಯಿಲ್ಲದೆ ನೇಯಬಹುದು. ಎರಡು ವರ್ಷ ದಾಟಿದ ಮಗಳನ್ನು ನಾನೇ ಎತ್ತಿಕೊಂಡು ಹೋಗಿ ಬಿಟ್ಟುಬಂದೆ.

ಸ್ವಲ್ಪ ದಿನ ಕಳೆಯಿತು. ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಬರಲು ಹೋದಾಗ ಅಕ್ಕೋರು ನನ್ನನ್ನು ಬಾಗಿಲ ಹೊರಗೇ ನಿಲ್ಲಿಸಿದಳು.

“ಸಿಟ್ಟಾಗಬ್ಯಾಡ್ರಿ. ನಿಮ್ಮ ಕೂಸಿನ ಕಿವಿ ಒಮ್ಮೆ ಯಾರಿಗರ ತೋರಸ್ರಿ. ಎಷ್ಟ ಕರದ್ರೂ ಹೊಳ್ಳಿ ನೋಡೂದಿಲ್ಲ.”

ಸಿಟ್ಟಾಗಬೇಡಿ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವುದೇ ಸಿಟ್ಟು.

“ಹೊಳ್ಳಿ ನೋಡಾಕ ಆಕಿಗೆ ಮನಸ ಬರಬೇಕಲ್ರೀ ಅಕ್ಕೋರ. ನಮ್ಮನ್ಯಾಗ ಛಂದಾಗಿ ಕೇಳ್ತಾಳ. ಬರ್ರಿ, ಈಗಿಂದೀಗ ಬರ್ರಿ, ತೋರಸ್ತೇನಿ.”

ಬಾಲವಾಡಿಯ ಕೂಸುಗಳನ್ನೆಲ್ಲ ಅವರವರ ತಾಯಂದಿರಿಗೆ ಒಪ್ಪಿಸಿ ಅಕ್ಕೋರು ನನ್ನ ಹಿಂದೆ ಬಂದಳು. ಮಗಳನ್ನು ಎಂದಿನ ಜಾಗದಲ್ಲಿ ಕೂರಿಸಿದೆ. ಕಂಡಿಕೆಗಳನ್ನು ಮುಂದೆ ಹಾಕಿದೆ. ಅವಳು ಆಟದಲ್ಲಿ ಮುಳುಗುವವರೆಗೆ ಕಾದು, ಕುಣಿಗೆ ಇಳಿದು, ಅವಳ ಬೆನ್ನ ಹಿಂದಿನಿಂದ ಎರಡು ಪೆಟ್ಟು ಹೊಡೆದೆ. ಮಗಳು ತಿರುಗಿದಳು, ನಕ್ಕಳು. ನಾನು ಅಕ್ಕೋರ ಮುಖ ನೋಡಿದೆ. ಆ ಮುಖದಲ್ಲಿ ಗೆದ್ದದ್ದೂ ಇಲ್ಲ, ಸೋತದ್ದೂ ಇಲ್ಲ, ಪೂರ್ತಿ ಗೊಂದಲ.

“ಹಂಗಾರ ನನ್ನ ದನೀನ ಸಣ್ಣದಿರಬೇಕ್ರಿ” ಎಂದಳು ಪಾಪ.

ಮರುದಿನದಿಂದ ಅವಳು ನನ್ನ ಮಗಳನ್ನು ಕೂಗಿ ಕರೆಯಲು ಶುರು ಮಾಡಿದಳು. ಆ ಕೂಗು ನಮ್ಮ ಓಣಿಗೆ ಕೇಳಿಸುತ್ತಿತ್ತು. ಆಚೆ ಓಣಿಯ ಎಮ್ಮೆಗಳೂ ಕತ್ತು ಎತ್ತುತ್ತಿದ್ದವೇನೋ. ಮಗಳೊಬ್ಬಳು ತಿರುಗುತ್ತಿರಲಿಲ್ಲ.

ಗೆದ್ದು ಬಂದ ಜಗಳ ನನ್ನ ಮನಸ್ಸಿನಲ್ಲಿ ಮುಗಿಯಲಿಲ್ಲ. ಮಗಳು ಇನ್ನೂ ಒಂದು ಮಾತೂ ಆಡಿರಲಿಲ್ಲ, ಅದು ಖರೆ. ಅತ್ತೆಗೆ ಹೇಳಿದೆ.

“ನಿನ್ನ ಗಂಡ ನಾಕ ವರ್ಷದಂವ ಆಗೂತನಾ ಬಾಯಿ ಬಿಟ್ಟಿರಲಿಲ್ಲ” ಎಂದರು ಅತ್ತೆ, ಕಂಡಿಕೆ ಸುತ್ತುವುದನ್ನು ನಿಲ್ಲಿಸದೆ. “ಈಗರ ಏನ್ ಭಾಳ ಮಾತಾಡ್ತಾನು?”

ಮನೆಯವರು ಆಚೆ ಮಗ್ಗದಲ್ಲಿ ತಲೆ ಬಗ್ಗಿಸಿ ನೇಯುತ್ತಿದ್ದರು. ತಮ್ಮ ಮೇಲೆ ಬಂದ ಮಾತಿಗೂ ಅವರು ಉತ್ತರ ಕೊಡುವವರಲ್ಲ.

ನಾನು ಯಾರಿಗೂ ಹೇಳದೆ ಮಗಳ ಪರೀಕ್ಷೆ ಶುರು ಮಾಡಿದೆ. ಅಪ್ಪ ಮಾಸ್ತರರಾಗಿದ್ದಕ್ಕೋ ಏನೋ, ಪರೀಕ್ಷೆಯ ಮೇಲೆ ನನಗೆ ಭಾರಿ ನಂಬಿಕೆ. ದೇವರ ಮುಂದಿನ ಗಂಟೆಯನ್ನು ಅವಳ ಕಿವಿಯ ಹತ್ತಿರವೇ ಬಾರಿಸಿದೆ. ಕಣ್ಣು ಕೂಡ ಮಿಟುಕಿಸಲಿಲ್ಲ. ಅದೇ ದಿನ ಸಂಜೆ ತುಂಬಿದ ಕೊಡ ನನ್ನ ಸೊಂಟದಿಂದ ಜಾರಿ ಪಡಸಾಲೆಯಲ್ಲಿ ಬಿತ್ತು. ನನಗೆ ಬೆನ್ನು ಮಾಡಿ ಕೂತಿದ್ದ ಮಗಳು ಬೆಚ್ಚಿ ತಿರುಗಿದಳು. ನೀರೆಲ್ಲ ಚೆಲ್ಲಿಹೋದದ್ದಕ್ಕೆ ಅತ್ತೆ ಬೈಯುತ್ತಿದ್ದರೆ ನಾನು ಹಲ್ಲು ಕಿರಿದು ನಿಂತಿದ್ದೆ. ರಾಜೂರಿನಿಂದ ಜೋಳದ ಚೀಲ ಹೇರಿಕೊಂಡು ಚಕ್ಕಡಿ ಬಂದರೆ, ಅದು ನಮ್ಮ ಬಾಗಿಲ ಮುಂದೆ ಕಾಣುವ ಮೊದಲೇ ಮಗಳು ಹೊಸ್ತಿಲ ಕಡೆ ನೋಡುವಳು. ಬಾಗಿಲಲ್ಲೇ ನಿಂತು ಬಳೆಗಾರ ಕೂಗಿದರೆ ನೋಡುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಂಗೆಡಿಸಿದ್ದು ಜೋಗುಳ. ಅವಳನ್ನು ಎದೆಗೆ ಹಾಕಿಕೊಂಡು ಹಾಡಿದರೆ ಕೆನ್ನೆಯನ್ನು ನನ್ನ ಎದೆಗೆ ಒತ್ತಿಕೊಂಡು, ಒಂದು ಕೈಯನ್ನು ನನ್ನ ಗಂಟಲ ಮೇಲೆ ಇಟ್ಟು ನಿದ್ದೆ ಹೋಗುವಳು. ನಾನು ಹಾಡು ನಿಲ್ಲಿಸಿದರೆ ಕಣ್ಣು ತೆರೆಯುವಳು. ಕಿವಿ ಕೇಳದ ಕೂಸು ಜೋಗುಳ ನಿಂತದ್ದನ್ನು ಹೇಗೆ ತಿಳಿಯುತ್ತದೆ? ಒಂದು ದಿನ ಕೇಳುತ್ತದೆ ಎಂದು ಕುಣಿದಾಡುತ್ತಿದ್ದೆ, ಮರುದಿನ ಇಲ್ಲ ಎಂದು ಒಲೆಯ ಮುಂದೆ ಕೂತು ಅಳುತ್ತಿದ್ದೆ. ರೊಟ್ಟಿ ಎಷ್ಟು ಸಲ ಹೊತ್ತಿಹೋದವೋ ಲೆಕ್ಕವಿಲ್ಲ.

ನರ್ಸಬಾಯಿ ಓಣಿಗೆ ಬಂದಾಗ ತೋರಿಸಿದೆ. ಅವಳು ಜರ್ಬಿನ ಹೆಣ್ಣುಮಗಳು, ಅನುಮಾನ ಎಂಬುದೇ ಗೊತ್ತಿಲ್ಲ. ಮಗಳ ಕಿವಿಯನ್ನು ಬಿಸಿಲಿಗೆ ಹಿಡಿದು ಇಣುಕಿದಳು.

“ಕಿವ್ಯಾಗ ಗುಗ್ಗಿ ತುಂಬೇತಿ. ಬೆಚ್ಚಗಿನ ಎಣ್ಣಿ ಬಿಡ್ರಿ. ಎಲ್ಲಾ ಸುದ್ದ ಆಗತೇತಿ.”

ಎಣ್ಣೆ ಬಿಟ್ಟೆವು. ಗುಗ್ಗೆಯೂ ಬಂತು. ಎರಡು ಪೆಟ್ಟಿಗೆ ಮೊದಲಿನ ಹಾಗೇ ತಿರುಗಿದಳು, ಹೆಸರಿಗೆ ಮೊದಲಿನ ಹಾಗೇ ತಿರುಗಲಿಲ್ಲ. ಮತ್ತೆ ನರ್ಸಬಾಯಿಯನ್ನು ಕೇಳಿದರೆ, ಅದು ನನ್ನ ಕೆಲಸವಲ್ಲ, ನನ್ನದು ಬಸುರಿ ಬಾಣಂತಿಯರಷ್ಟೇ, ಬಾಲವಾಡಿಯವರನ್ನು ಕೇಳಿ ಎಂದಳು. ಬಾಲವಾಡಿಯ ಅಕ್ಕೋರು ರೋಣದ ಆಫೀಸಿನಲ್ಲಿ ಕೇಳಿದರೆ ಅವರು ದವಾಖಾನೆಗೆ ಹೋಗಿ ಎಂದರಂತೆ. ಊರ ತುಂಬ ಸಹಾಯ ಮಾಡುವವರು, ನನ್ನ ಮಗಳು ಮಾತ್ರ ಯಾರ ಪಾಲಿಗೂ ಬರುವುದಿಲ್ಲ.

ಕಡೆಗೆ ಅಕ್ಕೋರೇ, “ನಡೀರಿ, ನಾನೂ ಬರ್ತೇನಿ ರೋಣಕ್ಕ” ಎಂದಳು. ಜಗಳವಾಡಿದವಳ ಜೊತೆ ಬಸ್ಸು ಹತ್ತಿ, ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಮಗಳು ಬಸ್ಸಿನ ಕಿಟಕಿಯ ಸರಳಿಗೆ ಹಲ್ಲು ಹಚ್ಚಿಕೊಂಡು ಕೂತಿದ್ದಳು. ಬಿಡಿಸಿದರೆ ಅಳುವಳು. ಅದರಲ್ಲಿ ಏನು ಸುಖವೋ ನನಗಾಗ ತಿಳಿಯಲಿಲ್ಲ.

ದವಾಖಾನೆಯಲ್ಲಿ ಮಂದಿಯೋ ಮಂದಿ. ಪಕ್ಕದಲ್ಲಿ ಕೂತ ಬೆಳವಣಕಿಯ ಒಕ್ಕಲಗಿತ್ತಿಯೊಬ್ಬಳು ನನ್ನ ಕಥೆ ಕೇಳಿ, “ಒಡಹುಟ್ಟಿದಾಕಿಗೆ ಹೇಳಿದಂಗ ಹೇಳ್ತೇನಿ ತಂಗಿ, ಕೂಸು ಹಟಮಾರಿ ಐತಿ. ನಮ್ಮ ಸಣ್ಣಂವನೂ ಹಿಂಗ. ಉಣ್ಣಾಕ ಕರದ್ರ ಅಷ್ಟ ಕೇಳತೇತಿ” ಎಂದಳು. ನನಗೆ ಅದೂ ಇರಬಹುದು ಅನ್ನಿಸಿತು. ಆ ದಿನಗಳಲ್ಲಿ ನನಗೆ ಎಲ್ಲವೂ ಇರಬಹುದು ಅನ್ನಿಸುತ್ತಿತ್ತು.

ಡಾಕ್ಟರ್ ಸಾಹೇಬರು ಮಗಳನ್ನು ಎತ್ತರದ ಮೇಜಿನ ಮೇಲೆ ಕೂರಿಸಿದರು. ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಒಂದು ಬಟ್ಟಲನ್ನು ಚಮಚದಿಂದ ಬಾರಿಸಿದರು. ಮಗಳು ನನ್ನನ್ನೇ ನೋಡುತ್ತ ಕಾಲು ಆಡಿಸುತ್ತಿದ್ದಳು.

“ಕೂಸಿಗೆ ಕೇಳಸೂದಿಲ್ಲವ್ವಾ” ಎಂದರು ಮೆತ್ತಗೆ.

“ಇಲ್ರೀ ಸಾಹೇಬ್ರ, ಕೇಳತೇತ್ರಿ! ನಮ್ಮನ್ಯಾಗ ಮಗ್ಗಾ ಬಡದ್ರ ಹೊಳ್ಳತಾಳ್ರಿ!”

“ಹಂಗಾದ್ರ ಮಗ್ಗಾನೂ ತರಬೇಕಿತ್ತಲ್ಲ” ಎಂದರು ಬೇಸರದಿಂದ.

ನನಗೆ ಉರಿದುಹೋಯಿತು. ಮಗಳನ್ನು ಮೇಜಿನಿಂದ ಇಳಿಸಿ ಹೊರಗೆ ವರಾಂಡಕ್ಕೆ ಬಂದೆ. ಅದರ ನೆಲಕ್ಕೆ ಹಳೆಯ ಮರದ ಹಲಗೆ ಹಾಸಿತ್ತು. ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಜವಾನನೊಬ್ಬ ಹೆಗಲ ಮೇಲಿನ ದೊಡ್ಡ ಚೀಲವನ್ನು ಧೊಪ್ಪೆಂದು ಕೆಡವಿದ. ಮಗಳು ಗಕ್ಕನೆ ತಿರುಗಿದಳು.

“ಸಾಹೇಬ್ರ, ನೋಡ್ರಿ! ಈಗ ನೋಡ್ರಿ!” ಎಂದು ನಾನು ಕಿರುಚಿದ್ದಕ್ಕೆ ಇಡೀ ದವಾಖಾನೆ ಬಂದು ನೋಡಿತು. ಡಾಕ್ಟರೂ ನೋಡಿದರು. ಗಲ್ಲ ಕೆರೆದುಕೊಂಡರು. ಚಮಚ ಹಿಡಿದು ಮತ್ತೊಮ್ಮೆ ಬಟ್ಟಲು ಬಾರಿಸಿದರು. ಮಗಳು ಚೀಲವನ್ನೇ ನೋಡುತ್ತಿದ್ದಳು. ಇನ್ನೂ ಸಣ್ಣ ಕೂಸು, ಕೆಲವು ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ, ನೋಡೋಣ ಎಂದರು.

ಬಸ್ಸಿನಲ್ಲಿ ಅಕ್ಕೋರು, “ನನಗೂ ತಿಳೀವಲ್ದರಿ” ಎಂದಳು. ಗೊತ್ತು ಎನ್ನುವವರ ನಡುವೆ ಬೆಂದುಹೋಗಿದ್ದ ನನಗೆ ಆ ಒಂದು ಮಾತಿನಿಂದ ಎಷ್ಟು ಸಮಾಧಾನವಾಯಿತೆಂದರೆ, ಮಗಳನ್ನು ಎತ್ತಿ ಅವಳ ತೊಡೆಯ ಮೇಲೆ ಕೂರಿಸಿದೆ.

ಶ್ರಾವಣ ಬಂತು. ನಾಗರಪಂಚಮಿಗೆ ತವರಿಗೆ ಕರೆಯಲು ಅಣ್ಣ ನರಗುಂದದಿಂದ ಬಂದ. ಪಂಚಮಿಗೆ ತವರಿಗೆ ಹೋಗುವುದೆಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ವರ್ಷದ ಆಸೆ. ನಾನು ಹೊಲಿಗೆ ಇದೆ, ನೇಯುವುದಿದೆ, ಮಳೆ ಇದೆ ಎಂದು ಏನೇನೋ ನೆಪ ಹೇಳಿ ಅವನನ್ನು ಬರಿಗೈಯಲ್ಲಿ ಕಳಿಸಿದೆ. ನಿಜವಾದ ಕಾರಣ ಹೆದರಿಕೆ. ತವರಿನಲ್ಲಿ ಮಗ್ಗ ಇಲ್ಲ. ಅಲ್ಲಿ ಎಲ್ಲರೂ ಬಾಯಿಂದ ಕರೆಯುತ್ತಾರೆ. ಅವ್ವ ಕರೆದಾಗ ಮಗಳು ತಿರುಗದಿದ್ದರೆ ಅವ್ವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ತವರಿಗೆ ಹೋಗದ ಸೊಸೆಯ ಮುಖ ನೋಡಿ ಅತ್ತೆಗೆ ಏನೆನ್ನಿಸಿತೋ, ಪಂಚಮಿಯ ದಿನ ಪಡಸಾಲೆಯಲ್ಲೇ ಜೋಕಾಲಿ ಕಟ್ಟಿಸಿದರು. ಮಗ್ಗಗಳಿಗೆ ಹಬ್ಬದ ಬಿಡುವು. ಎರಡು ಕುಣಿಗಳ ನಡುವೆ, ತೊಲೆಯಿಂದ ಇಳಿದ ಹಗ್ಗದ ಜೋಕಾಲಿಯಲ್ಲಿ ಮಗಳನ್ನು ಕೂರಿಸಿ ಮನೆಯವರು ತೂಗುತ್ತಿದ್ದರು. ಆಕೆ ಗಂಟಲೊಳಗೇ ಕಿಲಕಿಲ ಎಂದು ಕೇಕೆ ಹಾಕುತ್ತಿದ್ದಳು. ನಾನು ಶೇಂಗಾದ ಉಂಡಿ ಹಿಡಿದು ಬಂದು ನನ್ನ ಮಗ್ಗದ ಕುಣಿಯ ಅಂಚಿಗೆ ಕೂತೆ. ರೂಢಿಯ ಕೈ, ತಾನೇ ಹಲಗೆಗೆ ಹೋಯಿತು. ಎರಡು ಪೆಟ್ಟು ಹೊಡೆದೆ.

ಮಗಳು ತಿರುಗಲಿಲ್ಲ.

ಆಟದ ಗುಂಗು ಎಂದುಕೊಂಡೆ. ಇನ್ನೂ ಜೋರಾಗಿ ಹೊಡೆದೆ. ಇಲ್ಲ. ಮನೆಯವರು ಜೋಕಾಲಿ ಹಿಡಿದು ನಿಲ್ಲಿಸಿದರು. ಮನೆ ಪೂರ್ತಿ ನಿಶ್ಶಬ್ದ. ಮತ್ತೆ ಹೊಡೆದೆ. ಮಗಳು ತೊಲೆಯ ಮೇಲಿನ ಗುಬ್ಬಿಯನ್ನು ನೋಡುತ್ತಿದ್ದಳು. ಇಡೀ ವರ್ಷ ನಾನು ಹಿಡಿದುಕೊಂಡು ನಿಂತಿದ್ದು ಆ ಎರಡು ಪೆಟ್ಟಿನ ಒಂದೇ ಆಸರೆ. ಮನೆಯವರು ಅವಳನ್ನು ಇಳಿಸಿ ನೆಲದ ಮೇಲೆ ನಿಲ್ಲಿಸಿದರು. ಸಿಟ್ಟಿಗೋ ದುಃಖಕ್ಕೋ ಮತ್ತೆ ಎರಡು ಪೆಟ್ಟು ಹೊಡೆದೆ. ಮಗಳು ಗಕ್ಕನೆ ತಿರುಗಿ, ನಕ್ಕು, ಉಂಡಿಯ ಕಡೆ ಓಡಿಬಂದಳು.

“ನೋಡ್ರಿ, ಬೇಕಂತ ಮಾಡ್ತಾಳ ಕಳ್ಳಿ!” ಎಂದು ನಾನು ನಕ್ಕೆ. ಹೋದ ಜೀವ ಬಂದಂತಾಗಿತ್ತು.

ಮನೆಯವರು ನಗಲಿಲ್ಲ. ಬಂದು, ಉಂಡಿ ತಿನ್ನುತ್ತಿದ್ದ ಮಗಳ ಬಗಲಿಗೆ ಕೈ ಹಾಕಿ, ನನಗೆ ಬೆನ್ನು ಮಾಡಿಸಿ, ನೆಲದಿಂದ ಗೇಣಿನಷ್ಟು ಮೇಲೆ ಎತ್ತಿ ಹಿಡಿದರು.

“ಹೊಡಿ” ಎಂದರು.

ಹೊಡೆದೆ. ತಿರುಗಲಿಲ್ಲ. ಇಳಿಸಿದರು.

“ಹೊಡಿ.”

ಹೊಡೆದೆ. ತಿರುಗಿದಳು. ಎತ್ತಿದರು, ಹೊಡೆದೆ. ಇಳಿಸಿದರು, ಹೊಡೆದೆ. ಮಗಳಿಗೆ ಅದೊಂದು ಹೊಸ ಆಟ. ನಗುತ್ತಲೇ ಇದ್ದಳು. ಅದೇ ಮಗ್ಗ, ಅದೇ ಪೆಟ್ಟು, ಅದೇ ಮಗಳು. ನಡುವೆ ಗೇಣು ಗಾಳಿ.

“ಇಕಿ ಕಾಲಿಲೆ ಕೇಳ್ತಾಳ” ಎಂದರು ನಮ್ಮ ಮನೆಯವರು. ಅವರು ಆ ತಿಂಗಳಲ್ಲಿ ಆಡಿದ ದೊಡ್ಡ ಮಾತು ಅದೇ ಇರಬೇಕು.

ಕೊಡ, ಚಕ್ಕಡಿ, ಚೀಲ, ಬಸ್ಸಿನ ಸರಳು, ನನ್ನ ಎದೆಗೆ ಒತ್ತಿದ ಕೆನ್ನೆ, ಎಲ್ಲವೂ ಒಮ್ಮೆಲೇ ನನ್ನ ಮೇಲೆ ಬಿದ್ದವು. ಕೂತಲ್ಲೇ ಕೂತು ಬಾಯಿಗೆ ಸೆರಗು ತುಂಬಿಕೊಂಡು ಬಿಕ್ಕಿದೆ. ಕಿವಿ ಇಲ್ಲ ಎಂಬುದಕ್ಕೋ, ಅಷ್ಟು ದಿನ ನನ್ನನ್ನು ಕಾಡಿದ್ದು ತಿಳಿಯಿತು ಎಂಬುದಕ್ಕೋ, ಹೇಳಲಾರೆ. ಅತ್ತೆ ಕಂಡಿಕೆಯ ಬುಟ್ಟಿ ಸರಿಸಿ ಎದ್ದು ಬಂದರು.

“ಯಾಕ ಅಳ್ತಿ? ಕೇಳ್ತಾಳಲ್ಲ. ಎದರಿಂದ ಕೇಳಿದರೇನು?”

“ಆಕಿ ಹೆಸರು ಆಕೀಗೆ ಗೊತ್ತಿಲ್ರೀ ಅತ್ತಿ” ಎಂದೆ. “ಒಮ್ಮೆನೂ ಕೇಳಿಲ್ಲ ಆಕಿ, ತನ್ನ ಹೆಸರು.”

ಅತ್ತೆ ಮೊಮ್ಮಗಳ ಕಡೆ ನಡೆದರು, ಹಿಮ್ಮಡಿಯನ್ನು ಧಪಧಪ ಊರುತ್ತ. ಅವಳ ಹತ್ತಿರ ಹೋಗುವಾಗ ಅತ್ತೆ ಯಾವಾಗಲೂ ಹಾಗೇ ನಡೆಯುತ್ತಿದ್ದರು ಎಂಬುದು ನನಗೆ ಆಗ ಹೊಳೆಯಿತು. ದೇವರ ಕೋಣೆಗೆ ಹೋಗುವಾಗ ಹಾಗೆ ನಡೆದದ್ದನ್ನು ನಾನು ಕಂಡಿಲ್ಲ.

“ನಿಮಗ ಗೊತ್ತಿತ್ತೇನ್ರಿ?” ಎಂದು ಕೇಳಿದೆ.

“ವಯಸ್ಸಾತು. ಕಾಲು ಭಾರ” ಎಂದರು. ಗೊತ್ತಿತ್ತೋ, ಕಾಲಿಗೆ ತಾನಾಗಿ ರೂಢಿ ಬಿದ್ದಿತ್ತೋ, ಅವರು ತೀರಿಹೋಗುವವರೆಗೂ ನನಗೆ ತಿಳಿಯಲಿಲ್ಲ.

ಮರುದಿನ ಬಾಲವಾಡಿಗೆ ಹೋಗಿ ಅಕ್ಕೋರಿಗೆ ಎಲ್ಲವನ್ನೂ ಹೇಳಿದೆ. ನಾನು ಆವತ್ತೇ ಹೇಳಿರಲಿಲ್ಲವೇ ಎಂದು ಅವಳು ಅನ್ನಬಹುದಿತ್ತು. ಅನ್ನಲಿಲ್ಲ. ಚಾವಡಿಯ ಫರಸಿಯ ಮೇಲೆ ಮಗಳ ಹಿಂದೆ ನಿಂತು ಕಾಲು ಅಪ್ಪಳಿಸಿ ನೋಡಿದಳು. ದಪ್ಪ ಕಲ್ಲಿನ ಹಾಸು, ಏನೂ ಆಗಲಿಲ್ಲ. ಮತ್ತೆ ಅಪ್ಪಳಿಸಿದಳು. ಕಾಲು ನೋಯಿಸಿಕೊಂಡದ್ದೇ ಬಂತು.

“ಕೂಸಿಗೆ ಹಾಡು ಕಲಸೂದು ಹ್ಯಾಂಗ, ಹಾಲು ಕಲಸೂದು ಹ್ಯಾಂಗ, ಎಲ್ಲಾ ಹೇಳಿಕೊಟ್ರು. ಇದನ್ನ ಯಾರೂ ಹೇಳಲಿಲ್ರಿ” ಎಂದು ಅಲ್ಲೇ ಕೂತುಬಿಟ್ಟಳು.

ಹಿತ್ತಲಲ್ಲಿ ಮುರಿದ ಮಗ್ಗದ ಮರ ಬಿದ್ದಿತ್ತು. ಮನೆಯವರು ಅದನ್ನೇ ಸೀಳಿಸಿ, ಚಾವಡಿಯ ಒಂದು ಮೂಲೆಗೆ, ಫರಸಿಯಿಂದ ತುಸು ಎತ್ತರಕ್ಕೆ ಹಲಗೆ ಹಾಸಿಕೊಟ್ಟರು. ಮಗಳು ಅದರ ಮೇಲೆ ಕೂತಳು. ಅಕ್ಕೋರು ಹಲಗೆಯ ತುದಿಗೆ ಎರಡು ಸಲ ಕಾಲು ಬಡಿದಳು. ಮಗಳು ತಿರುಗಿ, ಬಾಲವಾಡಿಯಲ್ಲಿ ಮೊದಲ ಸಲ, ಅಕ್ಕೋರ ಮುಖ ನೋಡಿ ನಕ್ಕಳು. ಆಮೇಲೆ ಹಲಗೆಯ ಮೇಲೆ ಕೂರುತ್ತೇನೆ ಎಂದು ಉಳಿದ ಕೂಸುಗಳೆಲ್ಲ ಗಲಾಟೆ ಎಬ್ಬಿಸಿದವು.

ಕಿವಿ ಕೇಳದ ಮಕ್ಕಳಿಗೆ ಕಲಿಸುವ ಶಾಲೆ ದೂರದ ದೊಡ್ಡ ಊರಲ್ಲಿದೆ ಎಂದು ಅಕ್ಕೋರು ಯಾರು ಯಾರನ್ನೋ ವಿಚಾರಿಸಿ ಬಂದು ಹೇಳಿದಳು. ಅಲ್ಲಿಯೇ ಬಿಟ್ಟು ಬರಬೇಕು ಎಂದಳು. ಹೇಳುವಾಗ ಅವಳ ದನಿಯೂ ಗಟ್ಟಿಯಾಗಿರಲಿಲ್ಲ. ನಾವು ಕಳಿಸಲಿಲ್ಲ. ಕಳಿಸಬೇಕಿತ್ತೋ ಬೇಡವೋ ಎಂಬುದು ಇಂದಿಗೂ ನನಗೆ ಬಗೆಹರಿದಿಲ್ಲ. ಕೆಲವು ದಿನ ಒಳ್ಳೆಯದಾಯಿತು ಎನ್ನಿಸುತ್ತದೆ, ಕೆಲವು ದಿನ ತಪ್ಪು ಮಾಡಿದೆವು ಎನ್ನಿಸುತ್ತದೆ.

ಹೆಸರಿನ ಮಾತು ಮಾತ್ರ ನನ್ನಿಂದ ಹೋಗಲಿಲ್ಲ. ತೊಟ್ಟಿಲಿಗೆ ಹಾಕಿದ ದಿನವನ್ನು ಮತ್ತೆ ಮತ್ತೆ ನೆನೆಯುತ್ತಿದ್ದೆ. ನಮ್ಮಲ್ಲಿ ಹೆಸರಿಡುವಾಗ ಸೋದರತ್ತೆ ಕೂಸನ್ನು ಎದೆಗೆ ಅವಚಿಕೊಂಡು, ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಆವತ್ತೂ ನನ್ನ ನಾದಿನಿ ಹೆಸರು ಹೇಳಿದಳು, ಹೆಂಗಸರು ಗುದ್ದಿದರು. ಮಗಳು ಆಗ ಕಣ್ಣು ಅಗಲಿಸಿದ್ದಳು. ಹೆಸರು ಕೇಳಿ ಖುಷಿಯಾಯಿತು ನೋಡಿ ಎಂದು ಎಲ್ಲರೂ ಹಿಗ್ಗಿದ್ದೆವು. ಅವಳಿಗೆ ಮುಟ್ಟಿದ್ದು ಗುದ್ದುಗಳಷ್ಟೇ. ಅವಳ ಮಟ್ಟಿಗೆ ಅವಳ ಹೆಸರು ಅದೇ.

ಮಗಳು ದೊಡ್ಡವಳಾಗಿ, ನೇಯುವುದನ್ನು ನನಗಿಂತ ಚಲೋ ಕಲಿತು, ಇದೇ ಊರಿನ ನೇಕಾರರ ಮನೆಗೇ ಸೊಸೆಯಾದಳು. ಅಳಿಯ ಒಳ್ಳೆಯವನು. ಕೈಯಲ್ಲಿ ಸ್ವಲ್ಪ ದುಡ್ಡು ಆಡತೊಡಗಿದ ಮೇಲೆ, ಮನೆ ಛಂದ ಕಾಣಲಿ ಎಂದು ಪಡಸಾಲೆಗೆ ಫರಸಿ ಹಾಕಿಸಲು ಹೊರಟ. ಕಲ್ಲು ಬಂದು ಬಾಗಿಲ ಮುಂದೆ ಬಿದ್ದಿದ್ದವು. ಸುದ್ದಿ ಕೇಳಿ ಎದ್ದುಬಿದ್ದು ಹೋದೆ. ಬೀಗರ ಮನೆ ಎಂಬುದನ್ನೂ ನೋಡದೆ, ಓಣಿಯವರೆಲ್ಲ ಹೊರಗೆ ಬರುವ ಹಾಗೆ ಜಗಳ ತೆಗೆದೆ. ಅಳಿಯ ಕಕ್ಕಾಬಿಕ್ಕಿಯಾಗಿ ನಿಂತ. ಒಳಗೆ ಮಗಳು ನಮ್ಮ ಕಡೆ ಬೆನ್ನು ಮಾಡಿ ನೇಯುತ್ತಿದ್ದಳು, ನಮ್ಮ ಯಾವ ಗದ್ದಲವೂ ಅವಳಿಗೆ ಮುಟ್ಟಿರಲಿಲ್ಲ.

“ಇಲ್ಲಿ ನೋಡಪಾ” ಎಂದೆ. ಹೊಸ್ತಿಲು ದಾಟಿ, ಆ ಮಣ್ಣಿನ ನೆಲದ ಮೇಲೆ ಎರಡು ಸಲ ಕಾಲು ಬಡಿದೆ.

ಮಗಳು ಲಾಳಿ ಬಿಟ್ಟು ತಿರುಗಿ ನೋಡಿದಳು. ಕಲ್ಲುಗಳನ್ನು ಮರುದಿನ ಚಕ್ಕಡಿಗೆ ಹೇರಿ ವಾಪಸು ಕಳಿಸಿದರು.